ಚಂದ್ರಂಪಳ್ಳಿಗೊಂದು ನೀರಿನ ಪಂಚಾಂಗ ಬೇಕು: ಕಲಬುರಗಿ ಜಿಲ್ಲಾಡಳಿತಕ್ಕೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಕಲಬುರಗಿ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಗಳಿಗೆ, ಜಲಾಶಯದ ಉಸ್ತುವಾರಿ ಹೊತ್ತಿರುವ ನೀರಾವರಿ ಅಧಿಕಾರಿಗಳಿಗೆ ಹಾಗೂ ಪ್ರವಾಸೋದ್ಯಮ ಇಲಾಖೆಯ ಅಧಿಕಾರಿಗಳಿಗೆ,

ವಿಷಯ: ಚಿಂಚೋಳಿ ವನ್ಯಜೀವಿಧಾಮದೊಳಗಿನ ಚಂದ್ರಂಪಳ್ಳಿ ಜಲಾಶಯದಲ್ಲಿ ಪ್ರವಾಸ ಚಟುವಟಿಕೆಗಳನ್ನು ನೀರಿನ ಮಟ್ಟಕ್ಕೆ ಹೊಂದಿಸಿ ನಡೆಸುವ ಕುರಿತು.

ಮಾನ್ಯರೇ,

ಚಂದ್ರಂಪಳ್ಳಿಯನ್ನು ಪ್ರವಾಸಿ ತಾಣವಾಗಿ ಬೆಳೆಸಬೇಕೆಂಬ ಬೇಡಿಕೆ ನಮ್ಮ ತಾಲ್ಲೂಕಿನಲ್ಲಿ ಹಳೆಯದು. ಈ ಬೇಡಿಕೆಯನ್ನು ನಾನು ವಿರೋಧಿಸುವುದಿಲ್ಲ. ಬಿಸಿಲಿಗೆ ಹೆಸರಾದ ಜಿಲ್ಲೆಯಲ್ಲಿ, ಗುಡ್ಡಗಳ ನಡುವೆ ನೀರು ನಿಂತ ಒಂದು ಜಾಗವಿದೆ, ಅದರ ಸುತ್ತ ಕಾಡಿದೆ ಎಂದಾಗ ಜನರು ಅಲ್ಲಿಗೆ ಹೋಗಬಯಸುವುದು ಸಹಜ, ಹೋಗಬೇಕು ಕೂಡ. ನನ್ನ ಕೋರಿಕೆ ಇಷ್ಟೇ: ಈ ಜಲಾಶಯದಲ್ಲಿ ಯಾವ ಚಟುವಟಿಕೆಯನ್ನು ಎಲ್ಲಿ, ಯಾವ ತಿಂಗಳಲ್ಲಿ ನಡೆಸಬೇಕು ಎಂಬುದನ್ನು ನೀರಿನ ಏರಿಳಿತವನ್ನು ನೋಡಿ ನಿರ್ಧರಿಸಿರಿ, ಆ ಏರಿಳಿತವನ್ನು ನಿಯಂತ್ರಿಸುವ ನೀರಾವರಿ ಅಧಿಕಾರಿಗಳನ್ನೂ ವನ್ಯಜೀವಿಧಾಮದ ಆಡಳಿತದಲ್ಲಿ ಜೊತೆಗೆ ಕೂರಿಸಿಕೊಳ್ಳಿರಿ. ಮುಂದೆ ಹೇಳುವುದೆಲ್ಲ ಈ ಒಂದೇ ಮಾತಿನ ವಿವರಣೆ.

ಈ ಕಡೆಯ ಪರಿಚಯವಿಲ್ಲದ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಬೇಕು. ಬಸವಕಲ್ಯಾಣದ ಕಡೆ ಹುಟ್ಟಿ ಚಿಂಚೋಳಿಯನ್ನು ಹಾದು ಕಾಗಿಣಾ ನದಿಗೆ ಸೇರುವ ಮುಲ್ಲಾಮಾರಿಗೆ ಸರನಾಲಾ ಎಂಬ ಉಪನದಿಯಿದೆ. ಅದಕ್ಕೆ ಅಡ್ಡಲಾಗಿ ಸುಮಾರು ಐದು ದಶಕಗಳ ಹಿಂದೆ ಕಟ್ಟಿದ ಅಣೆಕಟ್ಟೇ ಚಂದ್ರಂಪಳ್ಳಿಯದು. ಐದು ಸಾವಿರ ಹೆಕ್ಟೇರಿನಷ್ಟು ಭೂಮಿಗೆ ನೀರುಣಿಸುವುದು ಅದರ ಮೂಲ ಉದ್ದೇಶ. ಹಕ್ಕಿ, ತೋಳ, ದೋಣಿ ಯಾವುದನ್ನೂ ಆಗ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ತೆಗೆದುಕೊಳ್ಳುವ ಕಾಲವೂ ಅದಾಗಿರಲಿಲ್ಲ. ಆಮೇಲೆ 2011ರಲ್ಲಿ ಸುತ್ತಲಿನ 134.88 ಚದರ ಕಿಲೋಮೀಟರ್ ಕಾಡನ್ನು ಚಿಂಚೋಳಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮವೆಂದು ಅದನ್ನು ಕರೆಯುತ್ತಾರೆ. ಹೀಗಾಗಿ ನೀರಾವರಿಗೆಂದು ಕಟ್ಟಿದ ಜಲಾಶಯವು ವನ್ಯಜೀವಿಧಾಮದ ನಟ್ಟನಡುವಿಗೆ ಬಂದಿತು. ಕಾಡಿನೊಳಗೆ ಇನ್ನೂ ಕೆಲವು ಸಣ್ಣ ಒಡ್ಡುಗಳಿವೆ. ಆದರೆ ಏಪ್ರಿಲ್ ಬಿಸಿಲಿಗೆ ಹಳ್ಳಗಳೆಲ್ಲ ಒಣಗಿ ನಿಂತಾಗ ಚಂದ್ರಂಪಳ್ಳಿಯ ನೀರೇ ಕಾಡುಪ್ರಾಣಿಗಳಿಗೆ ದೊಡ್ಡ ಆಸರೆ. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ, ಕಾಡುಹಂದಿ ಈ ಕಾಡಿನ ಪ್ರಾಣಿಗಳೆಂದು ದಾಖಲಾಗಿವೆ. ಹುಲಿ, ಆನೆ ಇಲ್ಲದ ಕಾಡು ಬೋಳು ಕಾಡೆಂದು ಭಾವಿಸುವವರು ನಮ್ಮಲ್ಲಿ ಬಹಳ. ತೋಳವು ಹುಲಿಯಂತೆಯೇ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ, ಅಂದರೆ ಕಾನೂನು ಇವೆರಡಕ್ಕೂ ಒಂದೇ ಮಟ್ಟದ ರಕ್ಷಣೆ ಕೊಟ್ಟಿದೆ ಎಂಬುದನ್ನು ಅಂಥವರಿಗೆ ನೆನಪಿಸಬೇಕಾಗುತ್ತದೆ.

ಜಲಾಶಯದ ಅಂಚನ್ನು ಸಹಜ ಸರೋವರದ ಅಂಚಿನಂತೆ ಭಾವಿಸಿ ಯೋಜನೆ ಮಾಡುವುದೇ ನನ್ನ ದೃಷ್ಟಿಯಲ್ಲಿ ಎಲ್ಲ ತೊಂದರೆಗಳ ಬೇರು. ಸರೋವರದ ದಂಡೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಕಡೆ ಇರುತ್ತದೆ, ಜಲಾಶಯದ ದಂಡೆ ಹಾಗಲ್ಲ. ಮುಂಗಾರು ಚೆನ್ನಾಗಿ ಹಿಡಿದ ವರ್ಷ ಸೆಪ್ಟೆಂಬರಿನ ಹೊತ್ತಿಗೆ ನೀರು ಗಿಡಗಂಟಿಗಳ ಬುಡದವರೆಗೆ ಏರಿ ಕೋಡಿ ಬೀಳುತ್ತದೆ. ಹಿಂಗಾರಿಗೆ ತೂಬು ತೆಗೆದ ಮೇಲೆ ಮಟ್ಟ ಇಳಿಯತೊಡಗುತ್ತದೆ. ಫೆಬ್ರವರಿ ಕಳೆಯುವಷ್ಟರಲ್ಲಿ ಹಿನ್ನೀರಿನ ತುದಿಯಲ್ಲಿ ಕೆಸರು, ಕೆಸರಿನ ಮೇಲೆ ಎಳೆ ಹುಲ್ಲು, ಅಲ್ಲಲ್ಲಿ ನೀರಿನಿಂದ ಮೇಲೆದ್ದ ದಿಬ್ಬಗಳು ಕಾಣಿಸುತ್ತವೆ. ಅಣೆಕಟ್ಟಿನ ಹತ್ತಿರ ನೀರು ಆಳವಾಗಿದ್ದು ದಂಡೆ ಕಡಿದಾಗಿರುತ್ತದೆ. ಹಳ್ಳ ಬಂದು ಸೇರುವ ಮೇಲ್ಭಾಗದಲ್ಲಿ ನೀರು ತೆಳುವಾಗಿ ಹರಡಿರುತ್ತದೆ. ಜೀವಸಂಕುಲದ ದೃಷ್ಟಿಯಿಂದ ಈ ಎರಡು ತುದಿಗಳು ಒಂದೇ ಜಲಾಶಯದ ಭಾಗಗಳೆಂದು ಹೇಳಲಾಗದಷ್ಟು ಬೇರೆ. ಆಳದ ನೀರಿನಲ್ಲಿ ಮುಳುಗಿ ಮೀನು ಹಿಡಿಯುವ ನೀರುಕಾಗೆಗಳಿಗೆ ಅಣೆಕಟ್ಟಿನ ಕಡೆ ಸಾಕು. ಕೊಕ್ಕಿನಿಂದ ಕೆಸರು ಕೆದಕುವ, ತೆಳುನೀರಿನಲ್ಲಿ ಕಾಲೂರಿ ನಡೆಯುವ, ಹುಲ್ಲು ಮೇಯುವ ಹಕ್ಕಿಗಳಿಗೆಲ್ಲ ಹಿನ್ನೀರಿನ ತುದಿಯೇ ಬೇಕು. ಸಂಜೆ ನೀರಿಗಿಳಿಯುವ ಕಾಡುಪ್ರಾಣಿಗಳೂ ಕಡಿದಾದ ಕಲ್ಲಿನ ಏರಿಯನ್ನು ಬಿಟ್ಟು, ಇಳಿಜಾರಿರುವ, ಪೊದೆಗಳ ಮರೆಯಿರುವ ಆ ತುದಿಯನ್ನೇ ಹುಡುಕುತ್ತವೆ.

ಹೀಗಿರುವುದರಿಂದ ಪ್ರವಾಸಕ್ಕೆ ಯಾವ ತುದಿ, ಪ್ರಾಣಿಪಕ್ಷಿಗಳಿಗೆ ಯಾವ ತುದಿ ಎಂಬುದನ್ನು ಜಲಾಶಯವೇ ಹಂಚಿಕೊಟ್ಟಂತಿದೆ. ಅಣೆಕಟ್ಟಿನ ಏರಿ, ಅದರ ಕೆಳಗಿನ ಬಯಲು, ಏರಿಗೆ ಹತ್ತಿದ ಆಳದ ನೀರಿನ ಒಂದು ಭಾಗ ಇವಿಷ್ಟನ್ನು ಜನರಿಗೆ ಬಿಡಬಹುದು. ಹಿನ್ನೀರಿನ ಕಡೆಗೆ ಹೊಸ ದಾರಿ, ವೀಕ್ಷಣಾ ಗೋಪುರ, ಡೇರೆ, ದೀಪ ಯಾವುದೂ ಹೋಗಬಾರದು. ಆಲಮಟ್ಟಿಯನ್ನು ನೋಡಿ ಬಂದವರಿಗೆ ಇದು ಅರ್ಥವಾದೀತು. ಅಲ್ಲಿ ಉದ್ಯಾನ, ಕಾರಂಜಿ, ಮಕ್ಕಳ ಆಟದ ಜಾಗಗಳೆಲ್ಲ ಅಣೆಕಟ್ಟಿನ ಆಸುಪಾಸಿನಲ್ಲಿವೆ. ಅಲ್ಲಿಗೆ ಹೋಗುವ ಕುಟುಂಬಗಳಿಗೆ ಹಿನ್ನೀರಿನ ತುದಿಯವರೆಗೆ ಹೋಗಿ ನೋಡಲಿಲ್ಲವೆಂಬ ಕೊರಗೇನೂ ಇರುವುದಿಲ್ಲ. ಆಲಮಟ್ಟಿಯಷ್ಟು ದೊಡ್ಡ ಉದ್ಯಾನವನ್ನು ಚಂದ್ರಂಪಳ್ಳಿಯಲ್ಲಿ ಕಟ್ಟಿರೆಂದು ನಾನು ಕೇಳುತ್ತಿಲ್ಲ, ಕಾಡಿನ ನಡುವೆ ಸಂಗೀತ ಕಾರಂಜಿ ಬೇಡವೇ ಬೇಡ. ಜಾಗದ ಆಯ್ಕೆಯಲ್ಲಿರುವ ವಿವೇಕವನ್ನಷ್ಟೇ ಅಲ್ಲಿಂದ ತರಬಹುದು.

ಇನ್ನು ತಿಂಗಳುಗಳ ಮಾತು. ನವೆಂಬರಿನಿಂದ ಮಾರ್ಚಿನವರೆಗೆ ಉತ್ತರ ಕರ್ನಾಟಕದ ಕೆರೆ-ಜಲಾಶಯಗಳಿಗೆ ವಲಸೆ ಹಕ್ಕಿಗಳ ಕಾಲ. ಟಿಬೆಟ್ ಮತ್ತು ಮಂಗೋಲಿಯಾದ ಸರೋವರಗಳಲ್ಲಿ ಮರಿ ಮಾಡುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ನಮ್ಮ ಬಯಲಿಗೆ ಬಂದು ಚಳಿಗಾಲ ಕಳೆಯುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆ ಈ ಹಕ್ಕಿಗಳಿಂದಲೇ ಹೆಸರಾಗಿ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇಂಥ ಹಕ್ಕಿಗಳು ನೀರಿನ ಮೇಲೆ ಸುಮ್ಮನೆ ತೇಲುತ್ತಿರುವಂತೆ ನಮಗೆ ಕಂಡರೂ, ಮರಳಿ ಹೋಗುವ ಸಾವಿರಾರು ಕಿಲೋಮೀಟರ್ ಹಾರಾಟಕ್ಕೆ ಬೇಕಾದ ಕೊಬ್ಬನ್ನು ಮೈಯಲ್ಲಿ ಕೂಡಿಸಿಕೊಳ್ಳುತ್ತಿರುತ್ತವೆ. ಮೋಟಾರು ದೋಣಿಯೊಂದು ದಿನಕ್ಕೆ ಹತ್ತು ಸುತ್ತು ಹೊಡೆದು ಹತ್ತು ಸಲ ಅವನ್ನು ಎಬ್ಬಿಸಿದರೆ ಆ ಕೂಡಿಕೆಯೆಲ್ಲ ಅಲ್ಲೇ ಕರಗಿಹೋಗುತ್ತದೆ. ಹಕ್ಕಿಗಳು ಹಾರುವುದನ್ನು ಚಿತ್ರ ತೆಗೆಯಬೇಕೆಂದು ದೋಣಿಯನ್ನು ಬೇಕೆಂದೇ ಹಿಂಡಿನೊಳಗೆ ನುಗ್ಗಿಸುವ ಚಟ ಬೇರೆ ಕಡೆಗಳಲ್ಲಿ ಕಂಡದ್ದೇ. ಅದು ಇಲ್ಲಿ ಕಾಲಿಡದಿರಲಿ.

ಫೆಬ್ರವರಿ ಕೊನೆಯಿಂದ ಮೇ ತಿಂಗಳವರೆಗೆ ಇನ್ನೊಂದು ಬಗೆಯ ಸೂಕ್ಷ್ಮ ಕಾಲ. ವಲಸೆ ಹಕ್ಕಿಗಳು ಹೊರಟ ಮೇಲೆ, ನೀರಿಳಿದು ಬಯಲಾದ ದಿಬ್ಬಗಳ ಮೇಲೆ ನಮ್ಮ ನಾಡಿನ ಹಕ್ಕಿಗಳೇ ಮೊಟ್ಟೆಯಿಡುತ್ತವೆ. ಹೊಳೆ ರೀವ, ಟಿಟ್ಟಿಭ, ಚಿಟವಗಳಂಥವು ಮರದ ಮೇಲೆ ಗೂಡು ಕಟ್ಟುವುದಿಲ್ಲ. ಬಟ್ಟಬಯಲಿನ ಕಲ್ಲು-ಮಣ್ಣಿನ ನಡುವೆ ಕಲ್ಲಿನದೇ ಬಣ್ಣದ ಮೊಟ್ಟೆಯಿಟ್ಟು ಕಾವು ಕೊಡುತ್ತವೆ. ಭದ್ರಾ ಜಲಾಶಯದಲ್ಲಿ ಲಕ್ಕವಳ್ಳಿಯ ಬಳಿ ನೀರಿಳಿದಾಗ ಮೇಲೇಳುವ ದ್ವೀಪಗಳಿಗೆ ರೀವಗಳು ಸಾವಿರಾರು ಸಂಖ್ಯೆಯಲ್ಲಿ ಬಂದು ಮರಿ ಮಾಡುವುದು ನಾಡಿಗೆಲ್ಲ ಗೊತ್ತಿರುವ ಸಂಗತಿ. ಇಂಥ ದಿಬ್ಬಕ್ಕೆ ದೋಣಿ ತಾಗಿಸಿ ನಾಲ್ಕು ಜನ ಇಳಿದು ಅರ್ಧ ಗಂಟೆ ಅಡ್ಡಾಡಿದರೆ ಕಾಲ್ತುಳಿತಕ್ಕೆ ಹೋಗುವ ಮೊಟ್ಟೆಗಳಿಗಿಂತ, ತಾಯಿಹಕ್ಕಿ ಎದ್ದುಹೋದ ಅರ್ಧ ಗಂಟೆಯಲ್ಲಿ ಬಿಸಿಲಿಗೆ ಬೆಂದುಹೋಗುವ ಮೊಟ್ಟೆಗಳೇ ಹೆಚ್ಚಾಗುತ್ತವೆ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಶಾಲಾ ಮಕ್ಕಳಿಗೆ ರಜೆ ಬರುವುದೂ ಇದೇ ತಿಂಗಳುಗಳಲ್ಲಿ ಎಂಬುದು ನಿಜ. ಆದ್ದರಿಂದ ಬೇಸಿಗೆಯಲ್ಲಿ ಜಲಾಶಯವನ್ನು ಪೂರ್ತಿ ಮುಚ್ಚಿರೆಂದು ಕೇಳುವುದು ನ್ಯಾಯವಾಗದು. ಮಾರ್ಚಿನಿಂದ ಮೊದಲ ಮಳೆಯವರೆಗೆ ದೋಣಿ ನಿಲ್ಲಿಸಿ, ಏರಿಯ ಕಡೆಯ ಭೇಟಿಯನ್ನು ಬೆಳಗಿನಿಂದ ಸಂಜೆ ಐದು ಗಂಟೆಯವರೆಗೆ ಮಾತ್ರ ಬಿಟ್ಟರೆ ಸಾಕು. ಮುಸ್ಸಂಜೆಯ ನೀರು ಕಾಡಿನದಾಗಿರಲಿ.

ದೋಣಿಯ ಬಗೆಯಲ್ಲೂ ಆಯ್ಕೆಯಿದೆ. ರಂಗನತಿಟ್ಟು ಕೂಡ ಮನುಷ್ಯನ ಕೈಕೆಲಸದ ಫಲವೇ. ಹದಿನೇಳನೆಯ ಶತಮಾನದಲ್ಲಿ ಮೈಸೂರರಸರು ಕಾವೇರಿಗೆ ಹಾಕಿದ ಒಡ್ಡಿನಿಂದ ಅಲ್ಲಿನ ದ್ವೀಪಗಳು ಉಂಟಾದವು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಯದಿಂದ 1940ರಲ್ಲಿ ಅದು ಪಕ್ಷಿಧಾಮವಾಯಿತು. ಇಂದಿಗೂ ಅಲ್ಲಿ ಅರಣ್ಯ ಇಲಾಖೆಯ ಅಂಬಿಗರು ಹುಟ್ಟು ಹಾಕಿಯೇ ದೋಣಿ ನಡೆಸುತ್ತಾರೆ. ಆ ಅಂಬಿಗರು ಹಕ್ಕಿಗಳ ಹೆಸರು ಹೇಳುತ್ತ, ಎಷ್ಟು ಹತ್ತಿರ ಹೋಗಬಹುದು, ಎಲ್ಲಿ ನಿಲ್ಲಬೇಕು ಎಂಬುದನ್ನು ತಾವೇ ನಿರ್ಧರಿಸುತ್ತ ಹೋಗುವುದರಿಂದ ಪ್ರವಾಸಿಗೂ ಅದು ಒಂದು ಪಾಠವಾಗುತ್ತದೆ. ಚಂದ್ರಂಪಳ್ಳಿಯಲ್ಲೂ ಅಕ್ಟೋಬರಿನಿಂದ ಫೆಬ್ರವರಿವರೆಗೆ, ತೇಲುಗುರುತು ಹಾಕಿದ ಗಡಿಯೊಳಗೆ, ಹುಟ್ಟು ಹಾಕುವ ಕೆಲವೇ ದೋಣಿಗಳು, ಎಲ್ಲರಿಗೂ ಜೀವರಕ್ಷಕ ಅಂಗಿ ಎಂಬ ವ್ಯವಸ್ಥೆ ಸಾಕಾಗುತ್ತದೆ. ವೇಗದ ದೋಣಿಯ ಮೋಜು ಬೇಕೆನ್ನುವವರಿಗೆ ಕಲಬುರಗಿ ನಗರದೊಳಗೇ ಶರಣಬಸವೇಶ್ವರ ಕೆರೆಯಿದೆ. ಹುರುಪಿನ ಆಟಗಳಿಗೆ ಅಂಥ ಊರಿನ ನೀರು ಒಗ್ಗೀತು.

ರಂಗನತಿಟ್ಟಿನಿಂದ ಕಲಿಯಬೇಕಾದ ಇನ್ನೊಂದು ಸಂಗತಿಯಿದೆ, ಈ ಪತ್ರ ಬರೆಯಲು ಮುಖ್ಯ ಕಾರಣವೂ ಅದೇ. ಕೆಆರ್‌ಎಸ್‌ನಿಂದ ಹೆಚ್ಚು ನೀರು ಹೊರಬಿಟ್ಟ ವರ್ಷ ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತದೆ, ತಗ್ಗಿನ ದ್ವೀಪಗಳಲ್ಲಿ ಗೂಡುಗಳು ಮುಳುಗುತ್ತವೆ. ಪಕ್ಷಿಧಾಮವನ್ನು ಕಾಯುವವರು ಒಬ್ಬರು, ಅದರ ನೀರಿನ ಮಟ್ಟವನ್ನು ತೀರ್ಮಾನಿಸುವವರು ಇನ್ನೊಬ್ಬರು. ಚಂದ್ರಂಪಳ್ಳಿಯಲ್ಲೂ ಸ್ಥಿತಿ ಅದೇ. ದಂಡೆಯ ಕಾಡು ಅರಣ್ಯ ಇಲಾಖೆಯದು, ನೀರು ನೀರಾವರಿಯವರದು, ನೀರೊಳಗಿನ ಮೀನಿನ ವ್ಯವಹಾರ ಮೀನುಗಾರಿಕೆ ಇಲಾಖೆಗೆ ಸೇರಿದ್ದು, ಜನರನ್ನು ಕರೆತರುವವರು ಪ್ರವಾಸೋದ್ಯಮದವರು. ಇವರಲ್ಲಿ ಕಾಡುಪ್ರಾಣಿಗಳ ಬದುಕಿನ ಮೇಲೆ ಅತಿ ಹೆಚ್ಚು ಪರಿಣಾಮ ಬೀರುವ ಕೈ ಯಾವುದೆಂದು ಕೇಳಿದರೆ ತೂಬಿನ ಗಾಲಿ ತಿರುಗಿಸುವ ಕೈ ಎನ್ನಬೇಕಾಗುತ್ತದೆ. ಏಪ್ರಿಲಿನಲ್ಲಿ ಒಂದು ಮೀಟರ್ ನೀರು ಇಳಿದರೆ ನಿನ್ನೆ ದ್ವೀಪವಾಗಿದ್ದ ದಿಬ್ಬ ನಾಳೆ ದಂಡೆಗೆ ಕೂಡಿಕೊಳ್ಳುತ್ತದೆ, ನಾಯಿ-ನರಿಗಳು ಕಾಲುನಡಿಗೆಯಲ್ಲೇ ಗೂಡಿಗೆ ಬರುತ್ತವೆ. ಆ ಗಾಲಿ ತಿರುಗಿಸುವವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ, ಅವರ ಕೆಲಸದ ವಿವರದಲ್ಲೂ ಇದು ಬರೆದಿರುವುದಿಲ್ಲ. ತಪ್ಪು ಅವರದಲ್ಲ.

ಕಾನೂನು ಏನು ಹೇಳುತ್ತದೆಂದು ನೋಡಿದರೆ ಇದರ ಕಾರಣ ಸ್ವಲ್ಪ ಸ್ಪಷ್ಟವಾಗುತ್ತದೆ. ಜೌಗುಪ್ರದೇಶಗಳ ಸಂರಕ್ಷಣೆಗಾಗಿ ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ನಿಯಮಗಳು ನೀರಾವರಿಗಾಗಿಯೇ ಕಟ್ಟಿದ ರಚನೆಗಳನ್ನು ಜೌಗುಪ್ರದೇಶದ ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ಎಷ್ಟು ಹಕ್ಕಿ ಬಂದರೂ, ಎಷ್ಟು ಪ್ರಾಣಿ ನೀರು ಕುಡಿದರೂ ಚಂದ್ರಂಪಳ್ಳಿ ಆ ನಿಯಮಗಳ ಕಣ್ಣಿಗೆ ಬೀಳುವುದಿಲ್ಲ. ಉಳಿದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದರ 28ನೆಯ ಕಲಮಿನಂತೆ ಪ್ರವಾಸಕ್ಕೆ, ಛಾಯಾಗ್ರಹಣಕ್ಕೆ, ಅಧ್ಯಯನಕ್ಕೆ ಅನುಮತಿ ಕೊಡಬಹುದು. 29ನೆಯ ಕಲಮು ವನ್ಯಜೀವಿಧಾಮದ ಒಳಹೊರಗಿನ ನೀರಿನ ಹರಿವನ್ನು ತಿರುಗಿಸುವುದನ್ನೂ ತಡೆಯುವುದನ್ನೂ ನಿರ್ಬಂಧಿಸುತ್ತದೆ. 33ನೆಯ ಕಲಮಿನಂತೆ ವನ್ಯಜೀವಿಧಾಮದೊಳಗೆ ವಾಣಿಜ್ಯ ಉದ್ದೇಶದ ವಸತಿಗೃಹ ಅಥವಾ ಹೋಟೆಲು ಕಟ್ಟಬೇಕಾದರೆ ಮೊದಲೇ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಅನುಮೋದನೆ ಬೇಕು; ಆದ್ದರಿಂದ ದಂಡೆಯ ಮೇಲೆ ರೆಸಾರ್ಟ್ ಬರಲಿ ಎಂದು ಭಾಷಣಗಳಲ್ಲಿ ಹೇಳುವವರು ಈ ಕಲಮನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಅದೇ ಕಾಯ್ದೆಯ 33ಬಿ ಕಲಮು ಪ್ರತಿ ವನ್ಯಜೀವಿಧಾಮಕ್ಕೂ ಒಂದು ಸಲಹಾ ಸಮಿತಿ ಇರಬೇಕೆನ್ನುತ್ತದೆ. ಕ್ಷೇತ್ರದ ಶಾಸಕರು, ಪಂಚಾಯತ್ ರಾಜ್ ಸಂಸ್ಥೆಗಳ ಮೂವರು ಪ್ರತಿನಿಧಿಗಳು, ಸ್ವಯಂಸೇವಾ ಸಂಸ್ಥೆಗಳ ಇಬ್ಬರು, ವನ್ಯಜೀವಿ ಸಂರಕ್ಷಣೆಯಲ್ಲಿ ತೊಡಗಿದ ಮೂವರು, ಗೃಹ ಇಲಾಖೆ ಮತ್ತು ಪಶುವೈದ್ಯ ಇಲಾಖೆಗಳಿಂದ ಒಬ್ಬೊಬ್ಬರು, ಗೌರವ ವನ್ಯಜೀವಿ ಪರಿಪಾಲಕರು ಇದ್ದರೆ ಅವರು, ಹೀಗೆ ಸದಸ್ಯರ ಪಟ್ಟಿಯನ್ನೇ ಕಾಯ್ದೆ ಕೊಟ್ಟಿದೆ. ಪೊಲೀಸರಿಗೂ ದನದ ವೈದ್ಯರಿಗೂ ಅಲ್ಲಿ ಕುರ್ಚಿಯಿದೆ, ನೀರಾವರಿ ಎಂಜಿನಿಯರಿಗೆ ಇಲ್ಲ. ಕಾಯ್ದೆ ಬರೆದವರ ಮನಸ್ಸಿನಲ್ಲಿ ಬಹುಶಃ ಜಲಾಶಯವನ್ನು ಹೊಟ್ಟೆಯಲ್ಲಿಟ್ಟುಕೊಂಡ ವನ್ಯಜೀವಿಧಾಮ ಇರಲಿಲ್ಲ. ಆದರೆ ಸಮಿತಿ ತನ್ನ ಕಾರ್ಯವಿಧಾನವನ್ನು ತಾನೇ ರೂಪಿಸಿಕೊಳ್ಳಬಹುದೆಂದು ಅದೇ ಕಲಮು ಹೇಳುವುದರಿಂದ, ನೀರಾವರಿ ಅಧಿಕಾರಿಗಳನ್ನು ಪ್ರತಿ ಸಭೆಗೂ ಆಹ್ವಾನಿತರಾಗಿ ಕರೆಯಲು ಅಡ್ಡಿಯಿಲ್ಲ. ತೂಬು ತೆಗೆಯುವ ದಿನಾಂಕಗಳನ್ನು ನಿರ್ಧರಿಸುವ ನೀರಾವರಿ ಸಲಹಾ ಸಮಿತಿಯ ಸಭೆಗೂ ಚಿಂಚೋಳಿ ವನ್ಯಜೀವಿ ವಲಯದ ಅರಣ್ಯಾಧಿಕಾರಿಗಳನ್ನು ಕರೆಯಬೇಕು. ಇದಕ್ಕೆ ಹೊಸ ಕಾನೂನು, ಹೊಸ ಅನುದಾನ ಯಾವುದೂ ಬೇಕಿಲ್ಲ. ಜಿಲ್ಲಾಧಿಕಾರಿಗಳ ಒಂದು ಸೂಚನಾ ಪತ್ರ ಸಾಕು.

ಇಲ್ಲಿ ರೈತರ ಮನಸ್ಸಿನಲ್ಲೊಂದು ಅಳುಕು ಹುಟ್ಟುವುದು ಸಹಜ: ಹಕ್ಕಿಗಳ ಹೆಸರಿನಲ್ಲಿ ಕಾಲುವೆಯ ನೀರಿಗೆ ಕತ್ತರಿ ಬೀಳುತ್ತದೆಯೇ? ನಾನೂ ಈ ನೆಲದವನು, ಒಂದು ತೇವಕ್ಕೆ ಬೆಳೆ ಕೈತಪ್ಪುವುದೆಂದರೇನೆಂದು ಬಲ್ಲೆ. ತೂಬಿನ ಮಟ್ಟಕ್ಕಿಂತ ಕೆಳಗೆ ಉಳಿಯುವ ನೀರು ಕಾಲುವೆಗೆ ಹೇಗೂ ಹರಿಯದು. ತೊಂದರೆಯಿರುವುದು ಬೇಸಿಗೆಯಲ್ಲಿ ಹಿನ್ನೀರಿಗೆ ನೇರವಾಗಿ ಪಂಪು ಹಚ್ಚಿ ಆ ತಳದ ನೀರನ್ನೂ ಎಳೆಯುವುದರಲ್ಲಿ, ನೀರಿಳಿದ ಜಾಗವನ್ನು ಉತ್ತು ಬಿತ್ತುವುದರಲ್ಲಿ, ಬಿತ್ತಿದ ಬೆಳೆಗೆ ಹೊಡೆದ ಔಷಧಿ ಮತ್ತೆ ಮಳೆಗಾಲದಲ್ಲಿ ಅದೇ ನೀರಿಗೆ ಕೂಡುವುದರಲ್ಲಿ. ಇವನ್ನು ತಡೆದರೆ ಅಚ್ಚುಕಟ್ಟಿನ ರೈತರಿಗೆ ಒಂದು ಹನಿಯೂ ಕಡಿಮೆಯಾಗುವುದಿಲ್ಲ. ತಳದ ನೀರಿನ ಮೇಲೆ ಇನ್ನೊಂದಿಷ್ಟು ನೀರನ್ನು ಮೇ ಕೊನೆಯವರೆಗೆ ಉಳಿಸಬೇಕಾದರೆ ಅದಕ್ಕೆ ದಾರಿ ಕಾಲುವೆಗಳ ದುರಸ್ತಿ: ಸೋರಿಹೋಗುವುದು ನಿಂತಷ್ಟೂ ಕೊನೆಯ ಹೊಲಕ್ಕೂ ನೀರು ಮುಟ್ಟುತ್ತದೆ, ಜಲಾಶಯದಲ್ಲೂ ಉಳಿಯುತ್ತದೆ. ಎಷ್ಟು ಮಟ್ಟ ಉಳಿಯಬೇಕೆಂಬುದನ್ನು ನಾನು ಹೇಳಲಾರೆ, ಹೇಳಬಾರದು ಕೂಡ. ಎಂಜಿನಿಯರು, ಅರಣ್ಯಾಧಿಕಾರಿ ಮತ್ತು ಅಚ್ಚುಕಟ್ಟಿನ ರೈತರು ಒಟ್ಟಿಗೆ ಕುಳಿತು ಅಳತೆಗೋಲಿನ ಮೇಲೆ ಒಂದು ಗೆರೆ ಗುರುತಿಸಲಿ, ಅದನ್ನು ಏರಿಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಸಲಿ.

ಪ್ರವಾಸಿಗರ ಮಾತಿಗೆ ಬರುತ್ತೇನೆ. ನಮ್ಮ ಕಡೆಯ ಜನ ವಿಹಾರವೆಂದರೆ ಏನು ಬಯಸುತ್ತಾರೆಂಬುದನ್ನು ಯೋಜನೆ ಮಾಡುವವರು ಮೊದಲು ತಿಳಿಯಬೇಕು. ಎಳ್ಳಮಾವಾಸ್ಯೆಗೆ ಸಜ್ಜೆ ರೊಟ್ಟಿ, ಭಜ್ಜಿ, ಕಡಬು ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಇಪ್ಪತ್ತು ಜನ ಒಂದೇ ಮರದ ಕೆಳಗೆ ಕುಳಿತು ಉಣ್ಣುವ ರೂಢಿಯವರು ನಾವು. ನಮಗೆ ನೀರಿನ ದಂಡೆಗೆ ಹೋಗುವುದೆಂದರೆ ಬುತ್ತಿ ಬಿಚ್ಚುವುದು. ಇದಕ್ಕೆ ವ್ಯವಸ್ಥೆಯಿಲ್ಲದಿದ್ದರೆ ಜನ ಕಾಡಿನೊಳಗೇ ಬಿಚ್ಚುತ್ತಾರೆ. ಒಲೆ ಹೂಡುತ್ತಾರೆ, ಪ್ಲಾಸ್ಟಿಕ್ ತಟ್ಟೆ-ಲೋಟ, ಎಲುಬು, ಸೀಸೆ ಬಿಟ್ಟು ಬರುತ್ತಾರೆ. ಎಲುಬಿಗೆ ಊರ ನಾಯಿಗಳು ಬರುತ್ತವೆ, ನಾಯಿಗಳು ಅಲ್ಲೇ ನೆಲೆನಿಂತು ನೆಲದ ಗೂಡುಗಳನ್ನು ಹಾಳು ಮಾಡುವುದಲ್ಲದೆ ಹುಚ್ಚುನಾಯಿ ರೋಗವನ್ನೂ ಡಿಸ್ಟೆಂಪರ್ ಎಂಬ ಅಂಟುರೋಗವನ್ನೂ ತೋಳ-ನರಿಗಳಿಗೆ ದಾಟಿಸುತ್ತವೆ. ಕೇವಲ ಒಂದು ಊಟದ ಎಂಜಲಿನಿಂದ ಶುರುವಾಗುವ ಈ ಸರಣಿಯನ್ನು ತಡೆಯುವ ದಾರಿ ದಂಡ ವಸೂಲಿಯೊಂದೇ ಅಲ್ಲ. ಅಣೆಕಟ್ಟಿನ ಕೆಳಗಿನ ಬಯಲಿನಲ್ಲಿ ನೆರಳಿನ ತೋಪು, ಕುಡಿಯುವ ನೀರು, ಹೆಣ್ಣುಮಕ್ಕಳು ಅಂಜದೆ ಬಳಸಬಹುದಾದ ಶೌಚಾಲಯ, ಎಂಜಲು ಹಾಕಲು ಮುಚ್ಚಳವಿರುವ ಗುಂಡಿ ಇವಿಷ್ಟು ಮಾಡಿಕೊಟ್ಟು, ಬುತ್ತಿ ಬಿಚ್ಚುವುದು ಇಲ್ಲಿ ಮಾತ್ರ ಎಂದರೆ ಜನ ಖಂಡಿತ ಕೇಳುತ್ತಾರೆ. ಮದ್ಯ, ಧ್ವನಿವರ್ಧಕ, ಬೆಂಕಿ ಈ ಮೂರಕ್ಕೆ ಮಾತ್ರ ಯಾವ ರಿಯಾಯಿತಿಯೂ ಬೇಡ. ಮಾರ್ಚಿನಲ್ಲಿ ಉದುರಿದ ಎಲೆ, ಒಣಹುಲ್ಲು ತುಂಬಿದ ಈ ಕಾಡಿಗೆ ಒಂದು ಬೀಡಿಯ ಕಿಡಿ ಸಾಕು.

ವಾರಾಂತ್ಯದಲ್ಲಿ ಕಾರು ಮಾಡಿಕೊಂಡು ಬರುವ ಹೈದರಾಬಾದಿನವರನ್ನೇ ಗಮನದಲ್ಲಿಟ್ಟು ಯೋಜನೆ ರೂಪಿಸುವ ಅಪಾಯವೂ ಇದೆ. ಗಡಿ ಹತ್ತಿರವಿರುವುದರಿಂದ ಅವರು ಬರುತ್ತಾರೆ, ಬರಲಿ. ಆದರೆ ಕಲಬುರಗಿ, ಸೇಡಂ, ಹುಮನಾಬಾದಿನ ಸಾಮಾನ್ಯ ಕುಟುಂಬಗಳು ಇಲ್ಲಿಗೆ ತಲುಪಬೇಕಾದರೆ ರಜಾ ದಿನಗಳಲ್ಲಾದರೂ ಸಾರಿಗೆ ಸಂಸ್ಥೆಯ ಬಸ್ಸು ಅಣೆಕಟ್ಟಿನವರೆಗೆ ಬಂದು, ಸಂಜೆ ಮರಳಬೇಕು. ಬಸ್ಸಿನ ಸಮಯವೇ ಜಲಾಶಯದ ಬಾಗಿಲು ಹಾಕುವ ಸಮಯವಾದರೆ ಕಾವಲುಗಾರರ ಅರ್ಧ ಕೆಲಸ ತಾನಾಗಿ ಮುಗಿಯುತ್ತದೆ. ಕೋಡಿಯ ಮೇಲೆ, ಕಡಿದಾದ ದಂಡೆಯ ಮೇಲೆ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುವ ಹುಡುಗರ ಜೀವಕ್ಕಾಗಿಯಾದರೂ ಕೋಡಿಯ ಇಕ್ಕೆಲಗಳಲ್ಲಿ ಬೇಲಿ ಮತ್ತು ಈಜು ಬಲ್ಲ ಒಬ್ಬಿಬ್ಬರು ಕಾವಲುಗಾರರು ಇರಲೇಬೇಕು. ಜಲಾಶಯದ ನೀರು ಮೇಲ್ನೋಟಕ್ಕೆ ಅಲುಗಾಡದಿದ್ದರೂ ಎರಡು ಹೆಜ್ಜೆಗೆ ಆಳ ಬದಲಾಗುತ್ತದೆ, ತಳದಲ್ಲಿ ಹೂಳು ಕಾಲನ್ನು ಹಿಡಿಯುತ್ತದೆ.

ಕಾವಲುಗಾರರು, ಅಂಬಿಗರು, ದಾರಿ ತೋರುವವರು ಯಾರಾಗಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ಕೊಂಚಾವರಂ ಸುತ್ತಿನ ಹಳ್ಳಿ-ತಾಂಡಾಗಳ ಯುವಕ-ಯುವತಿಯರು ಈ ಕಾಡನ್ನು ಹುಟ್ಟಿನಿಂದ ಬಲ್ಲವರು. ಬೇಸಿಗೆ ಬಂದರೆ ಮುಂಬೈ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವವರೂ ಅವರೇ. ಮೀನು ಹಿಡಿಯುವ ಕುಟುಂಬಗಳಿಗೆ ಹುಟ್ಟು ಹಾಕುವುದನ್ನು ಕಲಿಸಬೇಕಾಗಿಲ್ಲ, ಹಿನ್ನೀರಿನ ತುದಿಗೆ ಬಲೆ ಬೀಸದಿರುವುದಕ್ಕೆ ಪ್ರತಿಯಾಗಿ ಅವರಿಗೆ ದೋಣಿ ನಡೆಸುವ ಹಕ್ಕು ಕೊಡಬಹುದು. ಮುಳುಗುವ ಹಕ್ಕಿಗಳು ಆ ಬಲೆಗಳಲ್ಲೇ ಸಿಕ್ಕಿ ಸಾಯುವುದರಿಂದ ಈ ಒಪ್ಪಂದ ಎರಡು ಕೆಲಸವನ್ನು ಒಮ್ಮೆಗೇ ಮಾಡುತ್ತದೆ. ಪ್ರವೇಶ ಶುಲ್ಕದ ಹಣ ಬೆಂಗಳೂರಿನ ಖಾತೆಗೆ ಹೋಗದೆ ಗ್ರಾಮ ಅರಣ್ಯ ಸಮಿತಿಗಳ ಮೂಲಕ ಇಲ್ಲಿಯೇ ಖರ್ಚಾಗಬೇಕು. ತಾಂಡಾಗಳ ವಿಚಾರದಲ್ಲಿ ಒಂದು ಮಾತನ್ನು ಬದಿಗಾದರೂ ಹೇಳಲೇಬೇಕು. ಲಂಬಾಣಿಗರು ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಆದ್ದರಿಂದ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಗಡಿಯಾಚೆಯ ಬಂಧುವಿಗೆ 2005ರ ಡಿಸೆಂಬರಿಗೆ ಮುಂಚೆ ಅಲ್ಲಿದ್ದುದನ್ನು ತೋರಿಸಿದರೆ ಸಾಕು. ಈಚೆಯವನು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸವನ್ನು ರುಜುವಾತು ಮಾಡಬೇಕು. ಇಂಥ ಅಸಮತೆಯನ್ನು ಹೊತ್ತವರನ್ನು ಕಾಡಿನಿಂದ ದೂರ ಸರಿಸುತ್ತ, ಅದೇ ಕಾಡಿಗೆ ದೂರದ ಪ್ರವಾಸಿಗರನ್ನು ಸ್ವಾಗತಿಸುವ ಯೋಜನೆಯನ್ನು ಯಾರೂ ಮೆಚ್ಚಲಾರರು. ಅರಣ್ಯ ಹಕ್ಕು ಕಾಯ್ದೆ ಅನ್ವಯಿಸುವ ಕಡೆ ವನ್ಯಜೀವಿಧಾಮದ ನಿರ್ವಹಣಾ ಯೋಜನೆಯನ್ನು ಗ್ರಾಮಸಭೆಯೊಡನೆ ಸಮಾಲೋಚಿಸಿಯೇ ಸಿದ್ಧಪಡಿಸಬೇಕೆಂದು ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಹೇಳುತ್ತದೆ. ಆ ಸಮಾಲೋಚನೆ ತಾಂಡಾಗಳಲ್ಲಿ, ಅವರ ಮಾತಿನಲ್ಲಿ ನಡೆಯಲಿ.

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಬೋನ್ಹಾಳ ಕೆರೆಯನ್ನು ಸುರಪುರದ ನಾಯಕ ಅರಸರು ಕಟ್ಟಿಸಿದ್ದು. ಅದು ಈಗ ಪಕ್ಷಿಧಾಮ. ಬೀದರ ಜಿಲ್ಲೆಯಲ್ಲಿ 7.69 ಟಿಎಂಸಿ ಅಡಿ ಸಾಮರ್ಥ್ಯದ ಕಾರಂಜಾ ಜಲಾಶಯವಿದೆ. ಈ ಭಾಗದಲ್ಲಿ ಮನುಷ್ಯರು ಕಟ್ಟಿದ ನೀರೇ ಹಕ್ಕಿಗಳಿಗೂ ನೀರು, ಸಹಜ ಸರೋವರವೆಂಬುದು ನಮಗಿಲ್ಲ. ಚಂದ್ರಂಪಳ್ಳಿಯಲ್ಲಿ ಒಂದು ಕ್ರಮ ಕುದುರಿದರೆ ಅದನ್ನು ಕಾರಂಜಾಕ್ಕೂ ಕೆಳದಂಡೆ ಮುಲ್ಲಾಮಾರಿ ಜಲಾಶಯಕ್ಕೂ ಅಳವಡಿಸಬಹುದು ಎಂಬ ಕಾರಣಕ್ಕೂ ಇದನ್ನು ಮೊದಲು ಇಲ್ಲಿ ಮಾಡಿ ನೋಡಬೇಕೆಂದು ಕೇಳುತ್ತಿದ್ದೇನೆ.

ಆದ್ದರಿಂದ ತಾವು ಬರುವ ಮುಂಗಾರಿಗೆ ಮೊದಲು, ಮೇಲೆ ಹೇಳಿದ ಎಲ್ಲ ಇಲಾಖೆಗಳನ್ನೂ ಅಚ್ಚುಕಟ್ಟಿನ ರೈತರನ್ನೂ ತಾಂಡಾಗಳ ಪ್ರತಿನಿಧಿಗಳನ್ನೂ ಸೇರಿಸಿ ಒಂದು ಸಭೆ ಕರೆಯಬೇಕೆಂದು ವಿನಂತಿಸುತ್ತೇನೆ. ಸಭೆ ಕಲಬುರಗಿಯ ಕಚೇರಿಯಲ್ಲಿ ಬೇಡ, ಚಿಂಚೋಳಿಯಲ್ಲಿ ನಡೆಯಲಿ. ಆ ಸಭೆಯಿಂದ ಒಂದೇ ಹಾಳೆಯ ಪಂಚಾಂಗವೊಂದು ಹೊರಬರಲಿ: ಯಾವ ತಿಂಗಳಲ್ಲಿ ಎಷ್ಟು ನೀರು, ಯಾವ ತುದಿಗೆ ಯಾರಿಗೆ ಪ್ರವೇಶ, ದೋಣಿ ಎಂದಿನಿಂದ ಎಂದಿನವರೆಗೆ, ಬೇಸಿಗೆಯ ಕೊನೆಗೆ ಉಳಿಯಬೇಕಾದ ಮಟ್ಟ ಎಷ್ಟು, ಮೀರಿದವರನ್ನು ಕೇಳುವವರು ಯಾರು. ಅದನ್ನು ಕನ್ನಡದಲ್ಲೂ ತೆಲುಗು, ಉರ್ದುಗಳಲ್ಲೂ ಬರೆಸಿ ಏರಿಯ ಮೇಲೆ ಹಾಕಿಸಬೇಕು. ಆ ಹಾಳೆ ಸಿದ್ಧವಾಗುವವರೆಗೆ ಹಿನ್ನೀರಿನ ಕಡೆ ಯಾವ ಹೊಸ ಕಾಮಗಾರಿಗೂ ಮಂಜೂರಾತಿ ಕೊಡಬಾರದೆಂದು ಕೋರುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಚಿಂಚೋಳಿಯ ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ